ಮುದ್ರೆಯ ನಂತರದ ಸೀಳು

ನನ್ನ ಭಾವ ಒಬಿತ್ಸಿಯೋನ ಕಣ್ಣುಗಳಿಂದ ಮಿಲಿಟರಿ ಡಾಕ್ಟರು ತೆಗೆದ ಸೀಸದ ಚೂರುಗಳು ಸಾಸಿವೆ ಕಾಳಿಗಿಂತ ಸಣ್ಣವಾಗಿದ್ದವು. ಆಸ್ಪತ್ರೆಯ ಸನ್ಯಾಸಿನಿಯೊಬ್ಬಳು ಅವನ್ನು ಹತ್ತಿಯಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟಳು. ಆಫ್ರಾ ಅಕ್ಕ ಹತ್ತಿ ಬಿಚ್ಚಿ ನೋಡಿದಳು, ಬೆರಳ ತುದಿಯಿಂದ ಒಂದು ಚೂರನ್ನು ಒತ್ತಿದಳು, ಮತ್ತೆ ಸುತ್ತಿ ಅಂಗಿಯೊಳಗೆ ಎದೆಯ ಬಳಿ ಇಟ್ಟುಕೊಂಡಳು. ಅಳಲಿಲ್ಲ. ಬ್ರೆಶಾದಿಂದ ನಮ್ಮ ಕಣಿವೆಗೆ ಟ್ರಾಮಿನಲ್ಲಿ ಹಿಂದಿರುಗುವಾಗಲೂ ಮಾತಾಡಲಿಲ್ಲ. ಕಿಟಕಿಯ ಪಕ್ಕದಲ್ಲಿ ಮೆಲ್ಲಾ ನದಿ ಹರಿಯುತ್ತಿತ್ತು.

ನಮ್ಮ ಮನೆಯ ಮೌನಗಳನ್ನು ನಾನು ಚಿಕ್ಕಂದಿನಿಂದ ಓದುತ್ತ ಬಂದವನು. ಅಪ್ಪನ ಮೌನ ದಣಿವಿನದಾಗಿತ್ತು, ಅಮ್ಮನದು ಪ್ರಾರ್ಥನೆಯದು. ಅಕ್ಕನದು ಬೇರೆ. ಅದು ಗುಂಡು ತುಂಬಿಸಿಟ್ಟ ಬಂದೂಕಿನ ಮೌನ. ಅದರ ಬಾಯಿ ಯಾರ ಕಡೆ ತಿರುಗಿದೆ ಎಂದು ನಾನು ಕೇಳಬೇಕಾಗಿರಲಿಲ್ಲ. ನನ್ನದೂ ಅದೇ ಕಡೆ ತಿರುಗಿತ್ತು.

ಇಂಜಿನಿಯರ್ ಸೊಂಚೀನಿ ನನ್ನ ಮೇಲಧಿಕಾರಿ. ಬ್ರೆಶಾದಲ್ಲಿ ಲಾರಿ ತಯಾರಿಸುವ ಒಂದು ಕಾರ್ಖಾನೆಯ ನಕ್ಷೆ ಕೋಣೆಗೆ ಅವರೇ ಮುಖ್ಯಸ್ಥರು. ಮಿಲಾನೋದಲ್ಲಿ ಪದವಿ ಮುಗಿಸಿ ಬಂದ ನಾನು ಅವರ ಕೈಕೆಳಗೆ ಗೆರೆ ಎಳೆಯುವವನು. ಆಸ್ಟ್ರಿಯದ ಜೊತೆ ಯುದ್ಧ ಶುರುವಾದ ವರ್ಷ ಸೇನೆಯವರು ಕವಚದ ವಾಹನ ಬೇಕೆಂದರು. ಅದು ಹೇಗಿರಬೇಕೆಂದು ಅವರಿಗೂ ಗೊತ್ತಿರಲಿಲ್ಲ, ದೇಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೊಂಚೀನಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಎದುರಿನವರಿಗೆ ಅನ್ನಿಸುವಂತೆ ಅವರು ಮಾತಾಡುತ್ತಿದ್ದರು.

ಲಾರಿಯ ಚಾಸಿಯ ಮೇಲೆ ಉಕ್ಕಿನ ಹಲಗೆಗಳನ್ನು ರಿವೆಟ್ ಹೊಡೆದು ಕೂರಿಸಿದೆವು. ಗೋಪುರದ ಮೇಲೊಂದು ಗೋಪುರ. ಕೆಳಗಿನದು ಒಂದು ಕಡೆ ತಿರುಗಿದರೆ ಮೇಲಿನದು ಇನ್ನೊಂದು ಕಡೆ ತಿರುಗಬಲ್ಲದು. ಮೂತಿಯಿಂದ ಗೋಪುರದ ನೆತ್ತಿಯವರೆಗೆ ಬಿಲ್ಲಿನಂತೆ ಬಾಗಿದ ಎರಡು ಕಂಬಿಗಳು, ದಾರಿಯಲ್ಲಿ ಮುಳ್ಳುತಂತಿ ಸಿಕ್ಕರೆ ಮೇಲೆತ್ತಿ ಕತ್ತರಿಸಲು. ಹಿಂಬದಿಗೆ ಮುಖ ಮಾಡಿ ಇನ್ನೊಬ್ಬ ಚಾಲಕ, ಅವನಿಗೂ ಒಂದು ಸ್ಟೇರಿಂಗ್, ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ವಾಹನವನ್ನು ತಿರುಗಿಸದೆಯೇ ಓಡಿಸಿಕೊಂಡು ಬರಲು. ಗಾಳಿ ಇಲ್ಲದ ಗಟ್ಟಿ ರಬ್ಬರಿನ ಚಕ್ರಗಳು. ರೇಡಿಯೇಟರಿಗೆ ಉಕ್ಕಿನ ಕದಗಳು. ಮುಚ್ಚಿದರೆ ಇಂಜಿನ್ನು ಕುದಿಯುತ್ತಿತ್ತು, ತೆರೆದರೆ ಗುಂಡಿಗೆ ದಾರಿ. ಒಳಗಿನ ಸೆಖೆಗೆ ಕಾರ್ಖಾನೆಯವರು ಅದಕ್ಕೆ 'ಒಲೆ' ಎಂದೇ ಹೆಸರಿಟ್ಟಿದ್ದರು. "ಪೊಲೆಂತಾ ಮುದ್ದೆ ಒಳಗಿಟ್ಟು ಒಂದು ಸುತ್ತು ಹೊಡ್ಕೊಂಡ್ ಬಾ, ತಿರುವೋದೇ ಬೇಡ," ಎಂದು ಒಬಿತ್ಸಿಯೋ ನಗಿಸುತ್ತಿದ್ದ. ಅವನು ಅಲ್ಲಿಯ ಮೆಕ್ಯಾನಿಕ್. ಒಲೆಯ ಸ್ವಭಾವ ತಿಳಿದವನು ಎಂಬ ಕಾರಣಕ್ಕೇ ಸೇನೆ ಅವನನ್ನು ಅದರ ಚಾಲಕನನ್ನಾಗಿ ಮಾಡಿ ಯುದ್ಧಕ್ಕೆ ಕಳಿಸಿತು.

ಚಾಲಕನ ಮುಖದ ಎದುರಿಗೆ ಒಂದು ಹಲಗೆ ಇತ್ತು. ಶತ್ರು ದೂರವಿದ್ದಾಗ ಅದನ್ನು ಕಿಟಕಿಯ ಕದದಂತೆ ಮೇಲೆತ್ತಬಹುದು. ಹತ್ತಿರವಾದಾಗ ಇಳಿಸಿ, ಅದರಲ್ಲಿ ಅಡ್ಡಕ್ಕೆ ಕೊರೆದ ಒಂದು ಸೀಳಿನಿಂದ ರಸ್ತೆ ನೋಡಬೇಕು. ಬೆರಳು ತೂರದಷ್ಟು ಕಿರಿದಾದ ಸೀಳು.

ಕಾರ್ಸೋ ಬೆಟ್ಟದ ರಸ್ತೆಯಲ್ಲಿ ಆಸ್ಟ್ರಿಯದವರ ಮೆಷಿನ್‌ಗನ್ನು ಆ ಹಲಗೆಗೆ ಸರಿಯಾಗಿ ಗುರಿಯಿಟ್ಟಿತು. ಒಬಿತ್ಸಿಯೋ ಕೂಗಿ ಸ್ಟೇರಿಂಗ್ ಬಿಟ್ಟ. ಹಿಂದಿನ ಚಾಲಕ ವಾಹನವನ್ನು ಹಿಮ್ಮುಖವಾಗಿಯೇ ಓಡಿಸಿಕೊಂಡು ಬಂದ. ಆದರೆ ಅವನು ಬೆನ್ನಿಗೆ ಬೆನ್ನು ಕೊಟ್ಟು ಕೂತವನು. ಮುಂದೆ ಏನಾಯಿತೆಂದು ಅವನು ಕಂಡಿರಲಿಲ್ಲ.

ಆ ಕಾಲದಲ್ಲಿ ಕಂದಕದ ಭಯಕ್ಕೆ ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಂಡು ಮನೆಗೆ ಬರಲು ನೋಡುವ ಸೈನಿಕರಿದ್ದರು. ಅವರಿಗೆ ಸೇನಾ ನ್ಯಾಯಾಲಯ ಕೋಟೆಯ ಸೆರೆಮನೆ ವಿಧಿಸುತ್ತಿತ್ತು. ಗಾಯ ಅಷ್ಟು ಸಣ್ಣದು, ಅಷ್ಟು ಸರಿಯಾಗಿ ಎರಡೂ ಕಣ್ಣಿಗೆ ಬಿದ್ದಿದೆ ಎಂದು ಒಬಿತ್ಸಿಯೋನ ಮೇಲೆ ಅನುಮಾನ ಬಂತು. ಸೇನೆಯವರು ಸೊಂಚೀನಿಯ ಅಭಿಪ್ರಾಯ ಕೇಳಿದರು. ವಾಪಸ್ ಬಂದ ವಾಹನವನ್ನು ಅವರು ಒಂದು ಮಧ್ಯಾಹ್ನವೆಲ್ಲ ಒಬ್ಬರೇ ನೋಡಿದರು. ಆಮೇಲೆ ಬರೆದರು: ಹಲಗೆ ನಮ್ಮ ಕಣಿವೆಯ ಗಾರ್ದೋನೆಯ ಪರೀಕ್ಷೆಮನೆಯ ಮುದ್ರೆ ಪಡೆದದ್ದು, ಅದನ್ನು ಇಳಿಸಿದ್ದಿದ್ದರೆ ಒಳಗಿದ್ದವನಿಗೆ ಗಾಯವಾಗುವುದು ಸಾಧ್ಯವೇ ಇಲ್ಲ, ಚಾಲಕ ಬೇಕೆಂದೇ ಅದನ್ನು ಎತ್ತಿರಬೇಕು, ಇಲ್ಲವೇ ತನ್ನ ಮುಖದ ಮುಂದೆ ತಾನೇ ತೋಟಾ ಸಿಡಿಸಿಕೊಂಡಿರಬೇಕು.

ಕುರುಡನಾದವನನ್ನು ಸೆರೆಗೆ ಹಾಕಲು ಅಷ್ಟು ಸಾಕಾಗಿತ್ತು. ವಿಚಾರಣೆ ಚಳಿಗಾಲಕ್ಕೆ ಮೊದಲೇ ನಡೆಯಲಿತ್ತು.

ಆ ಚೂರುಗಳು ಕೈಗೆ ಬಂದ ದಿನ ನಾನೂ ಅಕ್ಕನೂ ಆಸ್ಪತ್ರೆಗೆ ಹೋದಾಗ ಅವನ ಮಂಚದ ಪಕ್ಕ ಒಬ್ಬ ಕಾವಲಿನವನು ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ನಾನು ಮಾತಾಡುವ ಮೊದಲೇ ಒಬಿತ್ಸಿಯೋ ತಲೆ ತಿರುಗಿಸಿದ.

"ಮಾರ್ಸಿಲಿಯೋ ಬಂದ. ಶೂ ಸದ್ದಲ್ಲೇ ಗೊತ್ತಾಯ್ತು. ಓದಿದೋರು ನೆಲಕ್ಕೆ ಎಲ್ಲಿ ನೋವಾಗುತ್ತೋ ಅನ್ನೋ ಹಾಗೆ ನಡೀತಾರೆ."

"ಹೇಗಿದ್ದೀಯ ಭಾವ?"

"ಹಲಗೆ ಇಳಿಸಿತ್ತು ಕಣೋ." ಅವನು ಬೇರೆ ಮಾತಿಗೆ ಕಾಯಲಿಲ್ಲ. "ನಮ್ಮಮ್ಮನ ಆಣೆ. ಗುಂಡು ಒಳಗೆ ಬರಲಿಲ್ಲ, ಇಂಜಿನಿಯರು ಹೇಳೋದು ಅಷ್ಟರಮಟ್ಟಿಗೆ ನಿಜ. ಸೀಳಿನ ಅಂಚಿಗೆ ಬಡಿದು ಒಡೆದುಹೋಯ್ತು. ಒಡೆದದ್ದು ಒಳಗೆ ಎರಚಿತು. ಕಾದ ಎಣ್ಣೆಗೆ ನೀರು ಬಿದ್ದರೆ ಚಟಪಟ ಅನ್ನಲ್ವಾ, ಹಾಗೆ. ಆಮೇಲೆ ಏನೂ ಇಲ್ಲ."

"ಅವನಿಗೆ ಗೊತ್ತಿತ್ತು," ಎಂದಳು ಅಕ್ಕ.

"ಗೊತ್ತಿರಲ್ಲ ಬಿಡೇ. ಪೇಟೆಯೋನು. ಕಾಗದದ ಮೇಲೆ ಗುಂಡು ಯಾವತ್ತಾದರೂ ಒಡೆಯುತ್ತಾ? ಗೊತ್ತಿದ್ದೂ ಅಂಥಾ ಮಾತು ಬರೆಯೋಕೆ ಮನುಷ್ಯನ ಕೈ ಏಳಲ್ಲ."

"ನಿನಗೆ ಎಲ್ಲರೂ ದೇವರೇ."

"ಅಲ್ಲ ಆಫ್ರಾ." ಅವನು ಕೈಚಾಚಿ ಅವಳ ಮೊಣಕೈ ಹುಡುಕಿದ. "ಅವನನ್ನ ಶಪಿಸ್ಕೊಂಡು ಕತ್ತಲಲ್ಲಿ ಕೂತಿರೋಕೆ ನನ್ನ ಕೈಲಾಗಲ್ಲ. ಬರೀ ಕತ್ತಲೆ ಆದ್ರೆ ತಡ್ಕೋತೀನಿ. ಎರಡನ್ನೂ ಹೊರಿಸಬೇಡ."

ಕಾವಲಿನವನು ಕತ್ತರಿ ಕೆಳಗಿಟ್ಟು ಗೋಡೆಯ ಕಡೆ ನೋಡುತ್ತ ಕೂತ.

ಮನೆಗೆ ಬಂದ ಮೇಲೆ ಅಕ್ಕ ಬಾಯಿ ಬಿಟ್ಟಳು. ಅಡುಗೆಮನೆಯ ಒಲೆಯ ಮುಂದೆ ಚೆಸ್ಟ್‌ನಟ್ ಬೀಜದ ಸಿಪ್ಪೆ ಸೀಳುತ್ತ ಕೂತಿದ್ದಳು. ಪ್ರತಿಯೊಂದಕ್ಕೂ ಚಾಕುವಿನಿಂದ ಒಂದೊಂದು ಅಡ್ಡಗೀರು.

"ಆ ಹಲಗೆಗೆ ಮುದ್ರೆ ಒತ್ತಿದ್ದು ನಾನು."

ನನಗೆ ಗೊತ್ತಿರಲಿಲ್ಲ. ಗಂಡಸರು ಯುದ್ಧಕ್ಕೆ ಹೋದ ಮೇಲೆ ಗಾರ್ದೋನೆಯ ಪರೀಕ್ಷೆಮನೆಯಲ್ಲಿ ಹೆಂಗಸರೇ ಕೆಲಸಕ್ಕೆ ನಿಂತಿದ್ದರು. ಕಣಿವೆಯಲ್ಲಿ ತಯಾರಾದ ಯಾವ ಬಂದೂಕಿನ ನಳಿಗೆಯೂ ಅಲ್ಲಿ ಸಿಡಿಸಿ ನೋಡದೆ ಹೊರಗೆ ಹೋಗುವಂತಿಲ್ಲ. ಕವಚದ ಹಲಗೆಗಳೂ ಅಲ್ಲಿಗೇ ಬರುತ್ತಿದ್ದವು. ಅಲುಗದಂತೆ ಬಿಗಿದ ಬಂದೂಕಿನಿಂದ, ಹಗ್ಗ ಎಳೆದು, ಹಲಗೆಗೆ ಒಂದು ಗುಂಡು. ತೂತಾಗದೆ ಬರೀ ತಗ್ಗು ಬಿದ್ದರೆ ಆ ತಗ್ಗಿನ ಪಕ್ಕದಲ್ಲಿ ಮುದ್ರೆ. ನಮ್ಮ ಜನ ಬೈಬಲ್ಲಿನ ಮೇಲೆ ಸುಳ್ಳಾಣೆ ಇಟ್ಟಾರು, ಆ ಮುದ್ರೆಯ ಮೇಲೆ ಇಡಲಾರರು.

"ಇಡೀ ಹಲಗೆಗೆ ಒತ್ತಿದ್ದು ಕಣೋ. ಅದರಲ್ಲಿ ಸೀಳಿರಲಿಲ್ಲ. ಕುಯ್ದಿದ್ದು ಆಮೇಲೆ, ನಿಮ್ಮ ಕಾರ್ಖಾನೆಯಲ್ಲಿ."

"ಹೌದು. ಮುದ್ರೆ ಬಂದ ಮೇಲೆ ಕೊರೆದರು."

"ಯಾರು ಕೊರೆಸಿದ್ದು?"

"ಸೊಂಚೀನಿ. ಮತ್ತೆ ಪರೀಕ್ಷೆಗೆ ಕಳಿಸೋಣ ಅಂತ ಫೋರ್ಮನ್ ಕೇಳಿದ್ದ. ಇವರು ನಕ್ಕರು. ಸೀಳು ಅಂದ್ರೆ ಇಲ್ಲದ ಉಕ್ಕು, ಇಲ್ಲದ್ದನ್ನ ಏನಂತ ಪರೀಕ್ಷೆ ಮಾಡ್ತೀರಿ ಅಂದರು. ನಾವೆಲ್ಲಾ ನಕ್ಕೆವು, ಮಾತು ಚೆನ್ನಾಗಿತ್ತು."

ಅಕ್ಕ ಚಾಕುವನ್ನು ಮಡಿಲಲ್ಲಿಟ್ಟಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಣಿವೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ನಿಯಮ ಅದು: ಮುದ್ರೆ ಬಿದ್ದ ಮೇಲೆ ಅರ ತಾಗಿಸಿದರೆ ಮುದ್ರೆ ಸತ್ತಂತೆ. ಮತ್ತೆ ಗುಂಡು ಹೊಡೆದು ನೋಡಬೇಕು; ಹೊಡೆಯುವಾಗ ಅರ ತಾಗಿಸಿದವನೇ ಅದರ ಹಿಂದೆ ನಿಲ್ಲಬೇಕು. ಎದೆಕವಚಗಳ ಕಾಲದ ಪದ್ಧತಿ ಅದು. ಹಿಂದೆ ನಿಲ್ಲುವುದನ್ನು ಈಗ ಯಾರೂ ಮಾಡುವುದಿಲ್ಲ, ಗಾದೆಯಾಗಿ ಉಳಿದಿದೆ. ಮದುವೆ ಗೊತ್ತಾದ ಮೇಲೆ ಯಾರಾದರೂ ಹೊಸ ಕರಾರು ತೆಗೆದರೆ, "ಮುದ್ರೆ ಆದ್ಮೇಲೆ ಅರ ಹಾಕ್ತೀಯಾ, ಹಾಗಾದ್ರೆ ಹಿಂದೆ ನಿಂತ್ಕೋ" ಎನ್ನುತ್ತಾರೆ. ಸೊಂಚೀನಿ ನಮ್ಮ ಕಣಿವೆಯವರಲ್ಲ. ಅವರಿಗೆ ಮುದ್ರೆ ಒಂದು ಅಲಂಕಾರ.

"ಎರಡನೇ ಒಲೆ ಯಾವಾಗ ಪರೀಕ್ಷೆಗೆ ಬರುತ್ತೆ?" ಎಂದಳು ಅಕ್ಕ.

"ಮುಂದಿನ ವಾರ. ಈ ಸಲ ಇಡೀ ವಾಹನವೇ. ಕರ್ನಲ್ ಬರ್ತಾರೆ ನೋಡೋಕೆ."

"ಸೀಳು?"

"ಅದೇ ಸೀಳು. ಗೆರೆ ಕೂಡ ಬದಲಾಗಿಲ್ಲ."

"ಅವನು ಒಳಗೆ ಕೂರಬೇಕು." ಬೆಂಕಿಯ ಬೆಳಕಿನಲ್ಲಿ ಅವಳ ಮುಖ ಶಾಂತವಾಗಿತ್ತು. "ಒಬಿತ್ಸಿಯೋನ ಜಾಗದಲ್ಲಿ. ಹಗ್ಗ ನನ್ನ ಕೈಲಿರುತ್ತೆ."

"ಅವರಿಗೆ ನಿಜವಾಗಲೂ ಗೊತ್ತಿಲ್ಲದಿದ್ದರೆ? ಮುಂದೆ ನೋಡ್ಕೊಂಡು ಕೂರ್ತಾರೆ. ಕಣ್ಣು ಹೋಗುತ್ತೆ."

"ಹೋಗಲಿ. ಗೊತ್ತಿಲ್ಲದೆ ಕಿತ್ತುಕೊಂಡದ್ದನ್ನ ಗೊತ್ತಿಲ್ಲದೆ ಕೊಡಲಿ."

"ಗೊತ್ತಿದ್ದರೆ?"

"ಗೊತ್ತಿದ್ದರೆ ಕೂರಲ್ಲ. ಎಲ್ಲರ ಮುಂದೆ ಕೂರಲ್ಲ. ಆಗ ನನ್ನ ಗಂಡ ಸುಳ್ಳುಗಾರ ಅಲ್ಲ ಅಂತ ಕರ್ನಲ್‌ಗೆ ಗೊತ್ತಾಗುತ್ತೆ." ಅವಳು ಮತ್ತೆ ಚಾಕು ಎತ್ತಿಕೊಂಡಳು. "ಎರಡರಲ್ಲಿ ಯಾವುದಾದರೂ ಸರಿ ನನಗೆ. ಅವನನ್ನ ಬಾಗಿಲ ತನಕ ಕರ್ಕೊಂಡು ಬರೋದು ನಿನ್ನ ಕೆಲಸ. ಮಿಲಾನೋದಲ್ಲಿ ಕಲಿತದ್ದು ಅಷ್ಟಕ್ಕಾದರೂ ಆಗಲಿ."

ಅಂದಿನಿಂದ ನಾನು ಸೊಂಚೀನಿಯ ಮುಖವನ್ನು ಹೊಸದಾಗಿ ನೋಡತೊಡಗಿದೆ. ತಿಳಿನೀಲಿ ಕಣ್ಣು. ಓದುವಾಗ ಕನ್ನಡಕ ಹಾಕುವರು, ನಕ್ಷೆ ನೋಡುವಾಗ ತೆಗೆಯುವರು. ಗೆರೆ ಸರಿ ಬಂದರೆ ರೆಪ್ಪೆಗಳನ್ನು ಒಮ್ಮೆ ನಿಧಾನವಾಗಿ ಮುಚ್ಚಿ ತೆರೆಯುವರು, ರುಚಿಯಾದದ್ದನ್ನು ನುಂಗಿದವರಂತೆ. ಆ ರೆಪ್ಪೆಗಳನ್ನು ನೋಡುತ್ತ, ಇವರಿಗೆ ಗೊತ್ತೇ, ಗೊತ್ತಿಲ್ಲವೇ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಬಿಸಿಲು ಎರಡನೆಯ ಒಲೆಯ ಸೀಳಿನಿಂದ ಒಳಬಂದು ಚಾಲಕನ ಆಸನದ ಮೇಲೆ ಗೆರೆಯಂತೆ ಬಿದ್ದಿತ್ತು. ಅವರು ನನ್ನ ಭುಜ ಹಿಡಿದು, ಎಂದಿನಂತೆ ಮನೆತನದ ಹೆಸರಿನಿಂದ ಕರೆದು ತೋರಿಸಿದರು. "ನೋಡು ಪಿಯಾರ್ದಿ, ಚರ್ಚಿನ ಕಿಟಕಿ ಇದ್ದ ಹಾಗಿಲ್ವಾ?" ಗೊತ್ತಿಲ್ಲದವನೇ ಹಾಗೆ ಹೇಳಬಲ್ಲ ಎಂದು ಆ ಗಳಿಗೆ ಅನ್ನಿಸಿತು. ಎಚ್ಚರಿಸಲು ನನಗೆ ಒಂದೇ ಮಾತು ಸಾಕಾಗಿತ್ತು. ನಾನು ಆಡಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

"ಇಂಜಿನಿಯರ್ ಸಾಹೇಬ್ರೆ," ಎಂದೆ, "ನಮ್ಮ ಕಣಿವೆಯಲ್ಲಿ ಒಂದು ಹಳೇ ಪದ್ಧತಿ ಇದೆ. ಮಾಡಿದವರೇ ಕವಚದ ಹಿಂದೆ ಕೂತು ಗುಂಡು ಹೊಡೆಸ್ಕೋತಾರೆ."

"ಕಮ್ಮಾರರ ಜಂಬ."

"ಜಂಬವೇ. ಆದರೆ ಕರ್ನಲ್‌ಗೆ ಅಂಥದ್ದು ಇಷ್ಟವಂತೆ. ಕುದುರೆ ದಳದಿಂದ ಬಂದವರು. ಕಾಗದ ತೋರಿಸಿದರೆ ಆಕಳಿಸ್ತಾರಂತೆ."

ಅವರು ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆ ಮೌನವನ್ನು ನಾನು ಓದಲಾರದೆ ಹೋದೆ.

ಪರೀಕ್ಷೆಯ ಬೆಳಿಗ್ಗೆ ಗುಲ್ಯೆಲ್ಮೋ ಬೆಟ್ಟದ ನೆತ್ತಿಯ ಮೇಲೆ ಮೊದಲ ಹಿಮ ಕಾಣುತ್ತಿತ್ತು. ನದಿಯ ಪಕ್ಕದ ಮೈದಾನದಲ್ಲಿ ಒಲೆಯನ್ನು ತಂದು ನಿಲ್ಲಿಸಿದ್ದರು. ಎದುರಿಗೆ ಉಕ್ಕಿನ ಕಾಲಿಗೆ ಬಿಗಿದ ಬಂದೂಕು. ಪಕ್ಕದಲ್ಲಿ ಅಕ್ಕ, ಅವಳ ಜೊತೆಗೆ ತೋಟಾ ತುಂಬುವ ಮೆನೆಗಾ. ಮೆನೆಗಾಳ ನಾಲಿಗೆಗೆ ಇಡೀ ಗಾರ್ದೋನೆ ಹೆದರುತ್ತಿತ್ತು.

"ಇದೇನಾ ರೋಮಿನೋರ ಹೊಸಾ ಆಯುಧ?" ಎಂದಳು ಅವಳು ಒಲೆಯನ್ನು ನೋಡಿ. "ಎರಡು ತಲೆ, ಎರಡು ಸ್ಟೇರಿಂಗು, ಮುಂದೂ ಹೋಗುತ್ತೆ ಹಿಂದೂ ಹೋಗುತ್ತೆ. ನಮ್ಮ ಮಂತ್ರಿಗಳನ್ನ ನೋಡಿ ಮಾಡಿರಬೇಕು."

ಕರ್ನಲ್ ಕೇಳಿಸಿಕೊಂಡರು. ಬಿಳಿ ಮೀಸೆಯ ಕೆಳಗೆ ನಕ್ಕರೋ ಏನೋ ಗೊತ್ತಾಗಲಿಲ್ಲ. ಸೊಂಚೀನಿ ಅವರಿಗೆ ಕಂಬಿಗಳನ್ನು ತೋರಿಸಿದರು, ಗೋಪುರಗಳನ್ನು ತಿರುಗಿಸಿ ತೋರಿಸಿದರು, ಒಳಗಿನಿಂದಲೇ ರೇಡಿಯೇಟರಿನ ಕದ ಎಳೆಯುವ ಸರಪಳಿ ತೋರಿಸಿದರು. ಗಟ್ಟಿಯಾದ ಬಿಳಿ ಕಾಲರು, ಹೊಸ ಕೋಟು. ಕೊನೆಗೆ ಚಾಲಕನ ಹಲಗೆಗೆ ಬಂದರು.

"ಇದಕ್ಕೆ ಮುದ್ರೆ ಆಗಲೇ ಬಿದ್ದಿದೆ, ಕರ್ನಲ್ ಸಾಹೇಬ್ರೆ. ಇದನ್ನ ಬಿಟ್ಟು ಪಕ್ಕದ ಹಲಗೆಗಳಿಗೆ ಹೊಡೆಸಿದರೆ ಸಾಕು."

"ಸಾಲದು," ಎಂದಳು ಅಕ್ಕ.

ಎಲ್ಲರೂ ತಿರುಗಿದರು. ಅವಳು ಎರಡೂ ಕೈಯನ್ನು ಏಪ್ರನ್ನಿನಲ್ಲಿ ಒರೆಸಿಕೊಂಡು ಮುಂದೆ ಬಂದಳು.

"ಮುದ್ರೆ ನಂದು, ಸಾಹೇಬ್ರೆ. ನಾನು ಒತ್ತಿದಾಗ ಹಲಗೆಯಲ್ಲಿ ಸೀಳಿರಲಿಲ್ಲ. ಮುದ್ರೆ ಬಿದ್ದ ಮೇಲೆ ಅರ ತಾಗಿಸಿದರೆ ಇಲ್ಲಿ ಮತ್ತೆ ಹೊಡೀತೀವಿ. ತಾಗಿಸಿದೋರು ಹಿಂದೆ ಕೂರ್ತಾರೆ. ನನ್ನ ಅಜ್ಜನ ಅಜ್ಜನ ಕಾಲದಿಂದ ಹೀಗೇ."

"ಈಯಮ್ಮ ಯಾರು?" ಎಂದರು ಕರ್ನಲ್.

"ಆಫ್ರಾ ಬ್ರೆಗೋಲಿ. ಮೊದಲನೇ ಒಲೆ ಓಡಿಸಿದ ಒಬಿತ್ಸಿಯೋ ಬ್ರೆಗೋಲಿ ಹೆಂಡತಿ."

ಕರ್ನಲ್ ಅವಳನ್ನು ನೋಡಿದರು, ಹಲಗೆಯನ್ನು ನೋಡಿದರು, ಬಳಿಕ ಸೊಂಚೀನಿಯನ್ನು.

"ನೀವೇ ಬರೆದಿದ್ದೀರಲ್ಲ ಇಂಜಿನಿಯರ್, ಹಲಗೆ ಇಳಿಸಿದ್ದರೆ ಒಳಗಿರೋನಿಗೆ ಏನೂ ಆಗಲ್ಲ ಅಂತ."

"ಬರೆದಿದ್ದೇನೆ."

"ಹಾಗಾದರೆ ಈಯಮ್ಮನಿಗೆ ಬೇಸರ ಯಾಕೆ ಮಾಡ್ತೀರಿ."

ನಾನು ಸೊಂಚೀನಿಯನ್ನೇ ನೋಡುತ್ತಿದ್ದೆ. ಅವರು ನಿರಾಕರಿಸುವರೆಂದು ಒಂದು ಕ್ಷಣ ಖಚಿತವಾಗಿ ನಂಬಿದೆ. ಅವರು ನಕ್ಕರು. "ಸಂತೋಷ," ಎಂದರು. ಹ್ಯಾಟನ್ನು ತೆಗೆದು ನನ್ನ ಕೈಗೆ ಕೊಟ್ಟರು. ಬಾಗಿಲು ಚಿಕ್ಕದು; ತಲೆ ಬಗ್ಗಿಸಿ ಒಳಗೆ ನುಸುಳಿದರು. ಒಳಗಿನಿಂದ ಅಗಣಿ ಬಿದ್ದ ಸದ್ದು, ಮತ್ತೆ ಹಲಗೆ ಇಳಿದ ಸದ್ದು.

ಹಾಗಾದರೆ ಗೊತ್ತಿಲ್ಲ, ಎಂದುಕೊಂಡೆ. ಒಬಿತ್ಸಿಯೋ ಹೇಳಿದ್ದೇ ನಿಜ. ಈ ಮನುಷ್ಯ ಈಗ ಆ ಸೀಳಿನ ಹಿಂದೆ ಆ ತಿಳಿನೀಲಿ ಕಣ್ಣುಗಳನ್ನು ತೆರೆದುಕೊಂಡು ಕೂತಿದ್ದಾನೆ. ಅವರ ಹ್ಯಾಟು ನನ್ನ ಕೈಯಲ್ಲಿ ಬೆಚ್ಚಗಿತ್ತು. ಅಕ್ಕ ನನ್ನತ್ತ ಒಮ್ಮೆ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ, ತಲೆಯನ್ನೂ ಅಲುಗಿಸಲಿಲ್ಲ. ಅವಳು ಬಾಗಿ, ಬಂದೂಕಿನ ಬಾಯಿಯನ್ನು ಕೂದಲೆಳೆಯಷ್ಟು ಸರಿಸಿ, ಸೀಳಿನ ಮೇಲಂಚಿಗೆ ಹಿಡಿದು ತಿರುಪು ಬಿಗಿದಳು.

"ತುಂಬು," ಎಂದಳು.

ಮೆನೆಗಾ ತುಂಬಿದಳು. ಮೊದಲ ಸಲ ಅವಳ ಬಾಯಲ್ಲಿ ಮಾತಿರಲಿಲ್ಲ.

ಹಗ್ಗ ಎಳೆದಾಗ ಆದ ಸದ್ದು ಎರಡು ಸಲ ಕೇಳಿತು, ಒಮ್ಮೆ ಇಲ್ಲಿ, ಒಮ್ಮೆ ಎದುರಿನ ಬೆಟ್ಟದಲ್ಲಿ. ಸೀಳಿನ ಅಂಚಿನಲ್ಲಿ ಕಿಡಿ ಹಾರಿತು. ಒಳಗಿನಿಂದ ಕೂಗು ಬರಲಿಲ್ಲ. ಏನೂ ಬರಲಿಲ್ಲ. ಕರ್ನಲ್ ಒಂದು ಹೆಜ್ಜೆ ಮುಂದಿಟ್ಟರು.

ಅಗಣಿ ಸರಿಯಿತು. ಸೊಂಚೀನಿ ಹೊರಗೆ ಬಂದರು, ಮೊದಲು ಮುಖ, ಆಮೇಲೆ ಭುಜ. ಎರಡು ಕಣ್ಣುಗಳೂ ಇದ್ದವು, ತೆರೆದಿದ್ದವು. ಮುಖ ಸುಣ್ಣದಂತಾಗಿತ್ತು, ಆದರೆ ತುಟಿಯ ಮೇಲೆ ನಗು ಹಾಗೇ ಇತ್ತು.

"ನೋಡಿದಿರಲ್ಲ," ಎಂದರು. "ಒಂದು ಗೀರೂ ಇಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಅಕ್ಕನ ಕೈಯಿಂದ ಹಗ್ಗ ಜಾರಿತು. ಅವಳ ಮುಖದಲ್ಲಿ ಅಂಥ ಸೋಲನ್ನು ನಾನು ಅಪ್ಪ ಸತ್ತ ದಿನವೂ ಕಂಡಿರಲಿಲ್ಲ. ಇನ್ನು ಒಬಿತ್ಸಿಯೋನಿಗೆ ಸೆರೆಮನೆ ಖಂಡಿತ; ಅದನ್ನು ಖಂಡಿತ ಮಾಡಿದವರು ನಾವೇ.

ನಾನು ಹ್ಯಾಟು ಕೊಡಲು ಹೋದೆ. ಆಗ ಗಮನಿಸಿದೆ: ಅವರು ನಮ್ಮ ಕಡೆಗೆ ಬೆನ್ನು ಮಾಡುತ್ತಿರಲಿಲ್ಲ. ಕರ್ನಲ್ ಎಡಕ್ಕೆ ಸರಿದರೆ ಅವರೂ ತಿರುಗುತ್ತಿದ್ದರು. ವಾಹನದಿಂದ ಈಚೆಗೆ ಅಡ್ಡಡ್ಡ ಹೆಜ್ಜೆ ಹಾಕಿ ಬಂದರು, ಏಡಿಯಂತೆ. ಹ್ಯಾಟನ್ನು ಹಾಕಿಕೊಳ್ಳದೆ, ಒಂದು ಕೈಯಿಂದ ಕತ್ತಿನ ಹಿಂದೆ ಹಿಡಿದುಕೊಂಡು ನಿಂತರು.

ಅಕ್ಕನನ್ನು ನೋಡಿ, ಅವರ ಹಿಂಬದಿಗೆ ಕಣ್ಣು ಹಾಯಿಸಿದೆ. ಅಷ್ಟು ಸಾಕಾಯಿತು. ಅವಳು ಸುತ್ತಿಕೊಂಡು ಹೋಗಿ ಅವರ ಬೆನ್ನ ಹಿಂದೆ ನಿಂತಳು.

"ಹ್ಯಾಟು ತೆಗೀರಿ, ಇಂಜಿನಿಯರ್ರೆ."

"ಯಾಕಮ್ಮ?"

"ನಿಮ್ಮ ಕಾಲರು ಕೊಳೆಯಾಗಿದೆ."

ಅವರ ಕೈ ಕೆಳಗಿಳಿಯಿತು. ಬಿಳಿ ಕಾಲರಿನ ಹಿಂಬದಿಯಲ್ಲಿ ಕೆಂಪು ಚುಕ್ಕೆಗಳು ಹರಡುತ್ತಿದ್ದವು. ಕತ್ತಿನಲ್ಲಿ, ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ತೂತುಗಳು. ಪ್ರತಿಯೊಂದರಿಂದಲೂ ಒಂದೊಂದು ಹನಿ.

"ಅಯ್ಯೋ, ಹಿಂದಿನಿಂದ ಸೊಳ್ಳೆ ಕಚ್ಚಿದೆ ಇವರಿಗೆ," ಎಂದಳು ಮೆನೆಗಾ. ಯಾರೂ ನಗಲಿಲ್ಲ.

ಅಕ್ಕ ಅಂಗಿಯೊಳಗಿಂದ ಹತ್ತಿ ತೆಗೆದು ಬಿಚ್ಚಿ, ಕರ್ನಲ್ ಮುಂದೆ ಅಂಗೈ ಹಿಡಿದಳು. "ಇವು ನನ್ನ ಗಂಡನ ಕಣ್ಣಲ್ಲಿದ್ದವು. ಅವರ ಕತ್ತಲ್ಲಿರೋದನ್ನ ತೆಗೆಸಿ ಜೊತೆಗಿಟ್ಟು ನೋಡಿ." ಆಮೇಲೆ ಬಂದೂಕಿನ ಬಳಿಗೆ ಹೋಗಿ, ಮೆನೆಗಾಳ ಪೆಟ್ಟಿಗೆಯಿಂದ ಇನ್ನೊಂದು ತೋಟಾ ತೆಗೆದು ತಾನೇ ತುಂಬಿದಳು. ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡಳು.

"ಇನ್ನೊಂದು ಹೊಡೀತೀನಿ. ಗಾಡಿ ಓಡಿಸೋನು ಸೀಳಿಗೆ ಬೆನ್ನು ಹಾಕಿ ಕೂರಲ್ಲ. ಈ ಸಲ ಮುಂದೆ ನೋಡ್ಕೊಂಡು ಕೂತ್ಕೊಳ್ಳಿ."

ಸೊಂಚೀನಿ ಕರ್ನಲ್ ಕಡೆ ನೋಡಿದರು. ಕರ್ನಲ್ ಬಾಗಿಲ ಕಡೆ ಕೈ ತೋರಿಸಿದರು, ಅತಿಥಿಗೆ ದಾರಿ ತೋರಿಸುವಂತೆ. ಇನ್ನೊಂದು ಕೈಯನ್ನು ಬಂದೂಕಿನ ಬಾಯಿಗೆ ಅಡ್ಡವಾಗಿ ಹಿಡಿದಿದ್ದರು. ಅದನ್ನು ಸೊಂಚೀನಿ ನೋಡಲಿಲ್ಲ, ನಾನು ನೋಡಿದೆ. "ಹೋಗಿ ಇಂಜಿನಿಯರ್. ಕೂತ್ಕೊಳ್ಳಿ."

"ಕೂರೋದಿಲ್ಲ."

"ಯಾಕೆ?"

ಆ ಮೌನವನ್ನು ಮಾತ್ರ ನಾನು ಸ್ಪಷ್ಟವಾಗಿ ಓದಿದೆ. ಅವರ ರೆಪ್ಪೆಗಳು ಒಮ್ಮೆ ಮುಚ್ಚಿ ತೆರೆದವು.

"ಕಣ್ಣು ಹೋಗುತ್ತೆ," ಎಂದರು.

"ಯಾವಾಗಿನಿಂದ ಗೊತ್ತು?"

"ಮೊದಲನೇ ವಾಹನ ವಾಪಸ್ ಬಂತಲ್ಲ, ಆವತ್ತು. ಒಳಗಡೆ ಸೀಳಿನ ಸುತ್ತ ಸೀಸ ಅಂಟಿತ್ತು. ಕೆರೆದು ತೆಗೆದೆ."

"ಕೆರೆದು ತೆಗೆದ ಮೇಲೆ ಬರೆದಿರಾ?"

ಕರ್ನಲ್ ಉತ್ತರಕ್ಕೆ ಕಾಯಲಿಲ್ಲ. ಬೆನ್ನು ತಿರುಗಿಸಿ, ಜೊತೆಗಿದ್ದ ಅಧಿಕಾರಿಗೆ ಒಬಿತ್ಸಿಯೋನ ಮಂಚದ ಬಳಿಯ ಕಾವಲನ್ನು ಅಂದೇ ತೆಗೆಸಲು ಹೇಳಿದರು.

ಅಕ್ಕನ ಕೈಯಿಂದ ಹಗ್ಗ ಬಿಡಿಸಲು ನನಗೆ ಕಷ್ಟವಾಯಿತು. ಅವಳ ಬೆರಳುಗಳು ಒಂದೊಂದಾಗಿ ಬಿಟ್ಟವು. ಬಳಿಕ ಅವಳು ಚಾಣ ಮತ್ತು ಸುತ್ತಿಗೆ ಹಿಡಿದು ಒಲೆಯ ಹತ್ತಿರ ಹೋದಳು. ಕೆಟ್ಟ ನಳಿಗೆಯ ಮುದ್ರೆಯನ್ನು ಅಳಿಸುವಂತೆ ಆ ಹಲಗೆಯ ಮುದ್ರೆಯ ಮೇಲೆ ಅಡ್ಡಡ್ಡ ಗೀರು ಹಾಕಿದಳು. ಒಂದು ಗೀರು ಸಾಕಿತ್ತು. ಮುದ್ರೆ ಎಲ್ಲಿತ್ತೆಂದು ಗುರುತು ಸಿಗದವರೆಗೂ ಹೊಡೆಯುತ್ತಲೇ ಇದ್ದಳು.

ಸೊಂಚೀನಿಗೆ ಸೆರೆಯಾಗಲಿಲ್ಲ. ಯುದ್ಧಕ್ಕೆ ಇಂಜಿನಿಯರುಗಳು ಬೇಕಾಗಿದ್ದರು. ದಕ್ಷಿಣದ ಯಾವುದೋ ಕಾರ್ಖಾನೆಗೆ ಕಳಿಸಿದರು. ನಕ್ಷೆ ಕೋಣೆಯ ಮೊಳೆಯಲ್ಲಿ ಅವರ ಹ್ಯಾಟು ಹಾಗೇ ಉಳಿಯಿತು.

ಒಬಿತ್ಸಿಯೋನನ್ನು ನಾವು ಮನೆಗೆ ಕರೆತಂದೆವು. ಮಧ್ಯಾಹ್ನ ಪೊಲೆಂತಾ ಮಾಡಿ, ಅದರ ಮೇಲೆ ಅವನಿಗಿಷ್ಟವಾದ ಹಳೆಯ ಚೀಸ್ ಕರಗಿಸಿ ಅಕ್ಕ ಬಡಿಸಿದಳು. ನಡೆದದ್ದನ್ನೆಲ್ಲ ಹೇಳಿದಳು: ಕರ್ನಲ್, ಮೆನೆಗಾ, ಕಾಲರು. ಅವಳ ದನಿಯಲ್ಲಿ ಹಬ್ಬವಿತ್ತು. ಒಬಿತ್ಸಿಯೋ ಚಮಚ ಕೆಳಗಿಟ್ಟು ಕೇಳುತ್ತಿದ್ದ.

"ಯಾವ ಕಡೆ ಮುಖ ಮಾಡಿ ಕೂತಿದ್ದ?" ಎಂದ.

"ಹಿಂದೆ. ಹೇಳಿದೆನಲ್ಲ."

"ಯಾರೂ ಹೇಳಿಕೊಡದೆ? ತಾನೇ?"

"ತಾನೇ."

ಅವನು ಚಮಚ ಮತ್ತೆ ಎತ್ತಲಿಲ್ಲ. ಅವನ ತಟ್ಟೆಯಲ್ಲಿ ಚೀಸ್ ತಣ್ಣಗಾಗಿ ಗಟ್ಟಿಯಾಯಿತು. ಅಕ್ಕನ ಮುಖದ ಬೆಳಕು ನಿಧಾನವಾಗಿ ಆರುವುದನ್ನು ನಾನು ನೋಡಿದೆ. ಅವನು ಬೇಡವೆಂದಿದ್ದ ಎರಡನೆಯ ಹೊರೆಯನ್ನು ನಾವು ಮನೆಯೊಳಕ್ಕೆ ಹೊತ್ತು ತಂದಿದ್ದೆವು.

"ಗೊತ್ತಿರಲಿಲ್ಲ ಅಂದ್ಕೊಂಡೇ ಇಷ್ಟು ದಿನ ನಿದ್ದೆ ಮಾಡಿದೆ," ಎಂದ ಕೊನೆಗೆ. "ಆ ಎರಡನೇ ತೋಟಾ ಏನಾಯ್ತು?"

ಅಕ್ಕ ಅದನ್ನು ಬಂದೂಕಿನಿಂದ ಹೊರತೆಗೆದು ತಂದಿದ್ದಳು; ಏಪ್ರನ್ನಿನ ಜೇಬಿಗೆ ಕೈಹಾಕಿ ತೆಗೆದು ಮೇಜಿನ ಮೇಲಿಟ್ಟಳು. ಸದ್ದು ಬಂದ ಕಡೆಗೆ ಅವನು ಕೈ ಚಾಚಿದ. ಸಿಕ್ಕಿತು. ಹಿತ್ತಾಳೆಯನ್ನು ಬೆರಳುಗಳ ನಡುವೆ ತಿರುಗಿಸಿ, ತುದಿಯ ಸೀಸವನ್ನು ಹೆಬ್ಬೆರಳಿನಿಂದ ಸವರಿ, ಮುಷ್ಟಿ ಮುಚ್ಚಿದ.

"ಇದು ನನ್ನ ಹತ್ರ ಇರಲಿ," ಎಂದ.